ಬೈಕುಲ್ಲಾದ ಶಾಲೆಗೆ ಹೋದ ತೊಟ್ಟಿಲು

ಆ ಕಾಲದಲ್ಲಿ ಮಾಟುಂಗದ ನಮ್ಮ ಚಾಳಿಗೆ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಏರಿ ಬರುತ್ತಿದ್ದುದು ಕೆಳಗಿನ ಉಡುಪಿ ಹೋಟೆಲಿನ ಸಾಂಬಾರಿನ ವಾಸನೆ. ಅದರ ಬೆನ್ನಿಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ. ಐವತ್ತರ ದಶಕದ ನಡುವಿನ ಮಾತಿದು. ನಮ್ಮ ಧಾರವಾಡ ಇನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು, ಹಾಗಾಗಿ ನಾವು ಪರಸ್ಥಳದಲ್ಲಿದ್ದೇವೆ ಎಂದರೆ ಅಪ್ಪ ಒಪ್ಪುತ್ತಿರಲಿಲ್ಲ. ನಿಮ್ಮಲ್ಲಿ ಯಾರಾದರೂ ಅಂಥ ಚಾಳಿನಲ್ಲಿ ಬೆಳೆದಿದ್ದರೆ ಒಂದೂವರೆ ಕೋಣೆಯಲ್ಲಿ ಒಂದು ಸಂಸಾರ ಹೇಗೆ ಕಾಲು ಚಾಚುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಅಪ್ಪನನ್ನು ಎಲ್ಲರೂ ಶಿವಲಿಂಗಪ್ಪ ಮಾಸ್ತರ ಎನ್ನುತ್ತಿದ್ದರು. ಬೈಕುಲ್ಲಾ ಮಾರುಕಟ್ಟೆಯ ಹಿಂದಿದ್ದ ಶಾಲೆಯಲ್ಲಿ ಕೆಳಗಿನ ಮಾಳಿಗೆಗಳೆಲ್ಲ ಮರಾಠಿಯವರಿಗೆ, ತುದಿಯ ಎರಡು ಕೋಣೆ ಕನ್ನಡದವರಿಗೆ. ಒಂದರಲ್ಲಿ ಚಿಕ್ಕವರು, ಇನ್ನೊಂದರಲ್ಲಿ ಐದು, ಆರು, ಏಳನೇ ಇಯತ್ತೆ ಒಟ್ಟಿಗೆ. ಆ ದೊಡ್ಡವರ ಕೋಣೆ ಅಪ್ಪನದು. ನಾನು ಅಲ್ಲಿ ಐದನೇ ಇಯತ್ತೆಯಲ್ಲಿದ್ದೆ. ಕಿಟಕಿ ತೆರೆದರೆ ಒಣಮೆಣಸಿನಕಾಯಿಯ ಘಾಟು, ಉಳ್ಳಾಗಡ್ಡಿ ಚೀಲಗಳ ಧೂಳು, ಟ್ರಾಮಿನ ಗಂಟೆ. ಮಗ್ಗಿ ಹೇಳುತ್ತಲೇ ಸೀನುವುದು ನಮಗೆಲ್ಲ ರೂಢಿಯಾಗಿತ್ತು.

ಅಪ್ಪನ ಕೈ ಧಾರಾಳದ್ದು. ಮಳೆಗಾಲದಲ್ಲಿ ಛತ್ರಿ ಹಿಡಿದು ಹೋದವನು ತೊಯ್ದು ತೊಪ್ಪೆಯಾಗಿ ಬರುತ್ತಿದ್ದ. ಛತ್ರಿ ಯಾವನೋ ಹುಡುಗನ ಮನೆ ಸೇರಿರುತ್ತಿತ್ತು. ನಮ್ಮಿಬ್ಬರಿಗೆಂದು ಅವ್ವ ಕಟ್ಟಿದ ಬುತ್ತಿ ಐದಾರು ಮಂದಿಯ ಹೊಟ್ಟೆಗೆ ಹೋಗುತ್ತಿತ್ತು. ರವಿವಾರ ಊಟಕ್ಕೆ ಎಷ್ಟು ಮಂದಿ ಎಂದು ಅವ್ವ ಕೇಳುತ್ತಲೇ ಇರಲಿಲ್ಲ. ಮೆಟ್ಟಿಲ ಮೇಲಿನ ಚಪ್ಪಲಿ ಸಪ್ಪಳ ಕೇಳಿ ಹಿಟ್ಟು ನಾದುತ್ತಿದ್ದಳು. "ನಿಮ್ಮಪ್ಪಗ ಮನಿ ಬ್ಯಾರೆ, ಸಾಲಿ ಬ್ಯಾರೆ ಅನ್ನೂದ ಗೊತ್ತಿಲ್ಲ" ಎಂದು ಗೊಣಗುತ್ತಲೇ ಇನ್ನೊಂದು ರೊಟ್ಟಿ ತಟ್ಟುತ್ತಿದ್ದಳು.

ಹಾಗೆಂದು ಅವನು ಮನೆ ಮರೆತವನಲ್ಲ. ದಿನಾ ಬೆಳಿಗ್ಗೆ ನನಗೆ ಜಡೆ ಹಾಕುತ್ತಿದ್ದವನು ಅಪ್ಪನೇ. ಕೊಬ್ಬರಿ ಎಣ್ಣೆ ಹಚ್ಚಿ, ಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಬೈತಲೆ ತೆಗೆದು, ಎರಡು ಜಡೆ ಹೆಣೆಯುತ್ತ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ. ನಾನು ಮುಂದೆ, ಅವನು ಹಿಂದೆ. ಮುಖ ಕಾಣದಿದ್ದರೂ ಅವನ ಬೆರಳುಗಳಿಂದಲೇ ಅವನ ಮನಸ್ಸು ನನಗೆ ತಿಳಿಯುತ್ತಿತ್ತು. ಶಾಲೆಯಲ್ಲಿ ಅವನು ಎಲ್ಲರ ಮಾಸ್ತರ. ಜಡೆ ಹಾಕುವ ಹೊತ್ತಿನಲ್ಲಿ ಮಾತ್ರ ಇಡಿಯಾಗಿ ನನ್ನವನು.

ಆ ವರ್ಷ ದೀಪಾವಳಿ ಸೂಟಿ ಮುಗಿದು ಶಾಲೆ ತೆರೆದಾಗ ಏಳನೇ ಇಯತ್ತೆಯ ಚಂದ್ರವ್ವ ಬರಲಿಲ್ಲ. ಅವಳ ಅಪ್ಪ ಮಲ್ಲಪ್ಪ ವಿಜಾಪುರದ ಕಡೆಯವನು, ಮಾರುಕಟ್ಟೆಯಲ್ಲಿ ಹಮಾಲ. ಅವ್ವ ಬಟ್ಟೆ ಗಿರಣಿಗೆ ಹೋಗುವವಳು. ಹದಿಮೂರರ ಚಂದ್ರವ್ವ ಇಡೀ ಕೋಣೆಯಲ್ಲಿ ಎಲ್ಲರಿಗಿಂತ ಚುರುಕು. ಏಳನೇ ಇಯತ್ತೆಯ ಕೊನೆಗೆ ಮುಲ್ಕಿ ಎಂಬ ದೊಡ್ಡ ಪರೀಕ್ಷೆ ಇರುತ್ತಿತ್ತು. ಅದನ್ನು ಪಾಸು ಮಾಡಿದ ಹುಡುಗಿ ಧಾರವಾಡಕ್ಕೆ ಹೋಗಿ ಶಿಕ್ಷಕಿಯ ಟ್ರೇನಿಂಗು ಸೇರಬಹುದಿತ್ತು. ಚಂದ್ರವ್ವ ಪಾಸಾಗುತ್ತಾಳೆ ಎಂಬುದರಲ್ಲಿ ಅಪ್ಪನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ನಾಲ್ಕು ದಿನ ಕಾದು, ಐದನೆಯ ದಿನ ಶಾಲೆ ಬಿಟ್ಟ ಮೇಲೆ ಅಪ್ಪ ನನ್ನ ಕೈ ಹಿಡಿದು ಅವರ ಚಾಳಿಗೆ ಹೋದ. ಬಾಗಿಲು ತೆರೆದ ಚಂದ್ರವ್ವನ ಸೊಂಟದಲ್ಲಿ ಮೂರು ತಿಂಗಳ ತಮ್ಮ ಮುತ್ತು ಇದ್ದ.

"ಇಕಿ ಅವ್ವ ಹೊಳ್ಳಿ ಗಿರಣಿಗೆ ಹೊಂಟಾಳ್ರಿ ಮಾಸ್ತರ," ಎಂದ ಮಲ್ಲಪ್ಪ. "ಕೂಸಿನ್ನ ಹಿಡಿಯವ್ರ ಯಾರು?"

"ಸಾಲಿಗೆ ತರಲಿ," ಎಂದ ಅಪ್ಪ.

"ಸಾಲ್ಯಾಗ ಕೂಸು ಏನ ಮಾಡತೈತ್ರಿ?"

"ಮಲಗತೈತಿ."

ಮಲ್ಲಪ್ಪನಿಗೆ ನಗು ಬಂತು. ಆಮೇಲೆ ನಗು ನಿಲ್ಲಿಸಿ ಹೇಳಿದ, "ಮುಲ್ಕಿ ಪಾಸಾದಳಂದ್ರ ನಾ ಅಡ್ಡ ಬರಂಗಿಲ್ರಿ, ಧಾರವಾಡಕ್ಕ ಕಳಸ್ತೀನಿ. ಇಲ್ಲಾಂದ್ರ ಬ್ಯಾಸಗ್ಯಾಗ ಊರಿಗೆ ಒಯ್ದು ಸ್ವಾದರಮಾವಗ ಕೊಟ್ಟ ಲಗ್ನಾ ಮಾಡೂದು. ಮಾತಾಗೈತಿ."

ಚಂದ್ರವ್ವ ಕೂಸನ್ನು ತೂಗುತ್ತ ನಮ್ಮಪ್ಪನ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತಿದ್ದಳು.

ಮನೆಗೆ ಬಂದ ಅಪ್ಪ ಚಹಾ ಕುಡಿಯುತ್ತ ಮೇಲೆ ಅಟ್ಟದತ್ತ ನೋಡತೊಡಗಿದ. ಅವ್ವ ಆಗ ಐದು ತಿಂಗಳ ಬಸುರಿ.

"ಏನ ನೋಡಾಕತ್ತೀರಿ?"

"ಏನಿಲ್ಲ."

"ತೊಟ್ಟಿಲಾ ನೋಡಾಕತ್ತೀರಿ. ನನಗ ಗೊತ್ತಾಗಂಗಿಲ್ಲೇನು?"

ಅದು ಕಲಘಟಗಿಯ ತೊಟ್ಟಿಲು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅರಗಿನ ಬಣ್ಣದ ಕೆಂಪು ಹಲಗೆ, ಹಸಿರು ಗಿಳಿ, ಹಳದಿ ಬಳ್ಳಿ. ಕೂಸು ಬೆಳೆದು ಮುದುಕಿಯಾದರೂ ಬಣ್ಣ ಮಾಸದು. ನಾನು ಹುಟ್ಟಿದಾಗ ಅವ್ವನ ತವರಿನವರು ಕೊಟ್ಟಿದ್ದು. ನಾನು ಮಲಗಿದ್ದೆ, ಆಗಿನ್ನೂ ಶಾಲೆ ಸೇರದ ನನ್ನ ತಮ್ಮ ಮಲಗಿದ್ದ. ಅಷ್ಟು ದೂರದಿಂದ ಈ ಊರಿಗೆ ಅವ್ವ ತಂದುಕೊಂಡಿದ್ದ ಒಂದೇ ಒಂದು ಚೆಂದದ ವಸ್ತು ಅದು.

ಅವ್ವ ಒಲೆಯ ಬೂದಿ ಕೆದಕಿದಳು. ಕೊನೆಗೆ, "ನನ್ನ ಬಾಣಂತನಕ್ಕ ಹೊಳ್ಳಿ ಬರಬೇಕ ನೋಡ್ರಿ," ಎಂದಳು.

"ಬರತೈತಿ."

"ಮತ್ತ ಖಾಲಿ ಒಯ್ಯಬ್ಯಾಡ್ರಿ."

ಖಾಲಿ ತೊಟ್ಟಿಲು ಹೊಸ್ತಿಲು ದಾಟಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಕೊಡುವಾಗಲೂ ಹಾಗೆಯೇ, ಮರಳಿಸುವಾಗಲೂ ಹಾಗೆಯೇ. ಒಳಗೆ ಒಂದು ತೆಂಗಿನಕಾಯಿಯೋ ಒಂದು ಬೊಗಸೆ ಜೋಳವೋ ಇರಬೇಕು. ಅವ್ವ ಕಾಯಿ ಹುಡುಕುವಷ್ಟರಲ್ಲಿ ಅಪ್ಪ ಚಂದ್ರವ್ವನಿಗಾಗಿ ಅವರಿವರಿಂದ ಒಟ್ಟುಮಾಡಿದ್ದ ಮುಲ್ಕಿಯ ಹಳೆಯ ಪುಸ್ತಕಗಳನ್ನು ಒಳಗಿಟ್ಟುಬಿಟ್ಟಿದ್ದ. ಅವ್ವನೂ ನಕ್ಕಳು.

ಮರುದಿನ ಅಪ್ಪ ತೊಟ್ಟಿಲು ಹೊತ್ತು ಕೆಳಗಿಳಿದರೆ ಹೋಟೆಲಿನ ಶೀನಪ್ಪಣ್ಣ ಗಲ್ಲಾಪೆಟ್ಟಿಗೆ ಬಿಟ್ಟು ಹೊರಗೆ ಬಂದ. "ಎಂತ ಮಾಸ್ಟ್ರೇ, ಮಗು ಹುಟ್ಟುವ ಮೊದಲೇ ತೊಟ್ಟಿಲು ಹೊರಟಿತಲ್ಲ?" ಲೋಕಲ್ ಗಾಡಿಯಲ್ಲಿ ಒಬ್ಬ ಮರಾಠಿ ಮುದುಕ ಒಳಗೆ ಇಣುಕಿ, ಪುಸ್ತಕ ನೋಡಿ, ಅಪ್ಪನ ಮುಖ ನೋಡಿ, "ಬಾಳ ಕುಠೇ ಆಹೇ, ಮಾಸ್ತರ?" ಎಂದು ಕೇಳಿದ. ಕೂಸು ಬೈಕುಲ್ಲಾದಲ್ಲಿದೆ ಎಂದು ಅಪ್ಪ ಮರಾಠಿಯಲ್ಲೇ ಉತ್ತರಿಸಿದ. ನನಗೆ ನಾಚಿಕೆಯಿಂದ ಸಾಯುವಂತಾಗಿತ್ತು.

ಕೋಣೆಯ ತೊಲೆಯಲ್ಲಿ ಹಿಂದೆಂದೋ ಪಂಖ ತೂಗಿದ್ದ ಕೊಕ್ಕೆ ಇತ್ತು. ತೊಟ್ಟಿಲು ಅಲ್ಲಿ ತೂಗಿತು. ಅದಕ್ಕೊಂದು ಉದ್ದನೆಯ ಹಗ್ಗ. ಅಪ್ಪ ಒಂದು ನಿಯಮ ಮಾಡಿದ. ಕೂಸು ತೂಗುವುದು ಚಂದ್ರವ್ವನೊಬ್ಬಳ ಕೆಲಸವಲ್ಲ, ಕೋಣೆಯ ಕೆಲಸ. ಹಗ್ಗ ಸಾಲಿನಲ್ಲಿ ಕೈಯಿಂದ ಕೈಗೆ ಹೋಗಬೇಕು. ಓದಲಿಕ್ಕೆ ಎದ್ದವರು ಪಕ್ಕದವರಿಗೆ ಕೊಟ್ಟು ಏಳಬೇಕು. ದಾಂಡಿಗರಾದ ಹುಡುಗರೂ ತೂಗಿದರು. ತೂಗುವ ಲಯಕ್ಕೆ ಮಗ್ಗಿ ಹೊಂದಿಕೊಂಡಿತು. ಹದಿನಾರರ ಮಗ್ಗಿ ಮುಗಿಯುವಷ್ಟರಲ್ಲಿ ಮುತ್ತು ಮಲಗಿರುತ್ತಿದ್ದ. ಸಂಕ್ರಮಣಕ್ಕೆ ನಾವು ಕುಸುರೆಳ್ಳು ಹಂಚುವ ಹೊತ್ತಿಗೆ, ಶಾಲೆ ಬಿಟ್ಟಿದ್ದ ಇನ್ನಿಬ್ಬರು ಹುಡುಗಿಯರೂ ಕಂಕುಳಲ್ಲಿ ಕೂಸು ಹೊತ್ತು ಬಂದರು. ಮೆಣಸಿನಕಾಯಿಯ ಘಾಟಿನ ಕೋಣೆ ಈಗ ಹಾಲು, ಉಚ್ಚೆ, ಬೇವಿನೆಣ್ಣೆಯ ವಾಸನೆ ಹೊಡೆಯುತ್ತಿತ್ತು.

ನನ್ನ ಸರದಿ ಬಂದಾಗ ನಾನು ಹಗ್ಗ ಹಿಡಿಯಲಿಲ್ಲ. ಕೈ ಎರಡನ್ನೂ ಲಂಗದ ಮಡಿಲಲ್ಲಿ ಬಚ್ಚಿಟ್ಟುಕೊಂಡೆ. ಅದು ನಮ್ಮ ತೊಟ್ಟಿಲು, ನಾನೇಕೆ ಮಂದಿಯ ಕೂಸನ್ನು ತೂಗಬೇಕು ಎಂಬ ಸೊಕ್ಕು. ಹೊಟ್ಟೆಕಿಚ್ಚೂ ಇತ್ತು. ಚಂದ್ರವ್ವ ಲೆಕ್ಕ ಬಿಡಿಸಿದಾಗ ಅಪ್ಪ ಅವಳಿಗೆ "ಚಲೋ" ಎನ್ನುತ್ತಿದ್ದ. ಮಗಳೆಂಬ ಕಾರಣಕ್ಕೋ ಏನೋ, ಶಾಲೆಯಲ್ಲಿ ನನಗೆ ಆ ಮಾತು ಒಮ್ಮೆಯೂ ಸಿಕ್ಕಿರಲಿಲ್ಲ. ಅಪ್ಪ ನನ್ನ ಬಚ್ಚಿಟ್ಟ ಕೈಗಳನ್ನು ನೋಡಿದ. ಬೈಯಲಿಲ್ಲ. ಹಗ್ಗವನ್ನು ನನ್ನನ್ನು ದಾಟಿಸಿ ಮುಂದಿನವಳಿಗೆ ಕೊಟ್ಟ. ಅಂದಿನಿಂದ ಪ್ರತಿದಿನ ಅದು ನನ್ನನ್ನು ದಾಟಿಯೇ ಹೋಯಿತು.

ಮಾರ್ಚಿನಲ್ಲಿ ಅವ್ವ ಹೆತ್ತಳು. ಹೆಣ್ಣುಕೂಸು. ಬಾಣಂತನಕ್ಕೆ ಅವ್ವನ ಅವ್ವ, ನಮ್ಮ ಆಯಿ, ಊರಿನಿಂದ ಬಂದಿದ್ದಳು. ಮನೆ ತುಂಬ ಅಜಿವಾನದ ಹೊಗೆ, ಅಂಟಿನುಂಡೆಯ ತುಪ್ಪದ ವಾಸನೆ. ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ಅದಾದ ಎಂಟೇ ದಿನಕ್ಕೆ ಮುಲ್ಕಿ ಪರೀಕ್ಷೆ.

"ಹೆಸರಿಡೂದು ಪರೀಕ್ಷಾ ಮುಗದ ಮ್ಯಾಲೆ ಇಟ್ಕೊಂಡ್ರ ಆಗೂದಿಲ್ಲೇನ್ರಿ?" ಎಂದು ಅಪ್ಪ ಆಯಿಯನ್ನು ಕೇಳಿದ.

"ಹದಿಮೂರರ ದಿನಾ ದಾಟಸಬಾರದು. ಒಮ್ಮೆ ಕೂಸು ಮಲಗಿದ ತೊಟ್ಟಿಲಾ ತಿಂಗಳ ತನಕಾ ಮನಿ ಬಿಡಬಾರದು. ಇದು ನಿಮಗ ಗೊತ್ತಿಲ್ಲೇನು, ಮಾಸ್ತರಾಗೀರಿ?"

ತಂದರೆ ಮತ್ತೆ ಒಯ್ಯುವಂತಿಲ್ಲ. ತರದಿದ್ದರೆ ಅವ್ವನಿಗೆ ಕೊಟ್ಟ ಮಾತು ಹೋಗುತ್ತದೆ. ಅಪ್ಪ ತಲೆ ತಗ್ಗಿಸಿ, "ಹಂಗಾರ ಸೀರಿ ಜೋಳಿಗ್ಯಾಗ ಹಾಕಿ ಹೆಸರಿಡೂಣು," ಎಂದ. ಅವ್ವ ಗೋಡೆಯ ಕಡೆ ಹೊರಳಿದಳು. ಅತ್ತಳೆಂದು ನಾನು ಹೇಳಲಾರೆ. ಅವಳ ಮುಖ ನಾನು ನೋಡಿಲ್ಲ. ಆಯಿ ಮಾತ್ರ ಬಾಯಿ ಬಿಟ್ಟಳು: "ತವರಮನಿ ತೊಟ್ಟಿಲಾ ಮಂದಿ ಕೂಸಿಗೆ, ಹೊಟ್ಟ್ಯಾಗಿನ ಕೂಸಿಗೆ ಹರಕ ಸೀರಿ."

ಆ ಮಾತು ನನಗೆ ಸಾಕಾಯಿತು. ಮರುದಿನ ಗುರುವಾರ ಶಾಲೆಯ ನೀರಿನ ನಳದ ಹತ್ತಿರ ಚಂದ್ರವ್ವನನ್ನು ಹಿಡಿದೆ.

"ನಿಮ್ಮ ತಮ್ಮ ನಮ್ಮ ತೊಟ್ಟಿಲದಾಗ ಮಲಗ್ಯಾನ. ನಮ್ಮ ತಂಗಿ ನೆಲದ ಮ್ಯಾಲೆ ಮಲಗೈತಿ. ನಮ್ಮವ್ವ ದಿನಾ ಅಳತಾಳ."

ಚಂದ್ರವ್ವನ ಕೈಯಲ್ಲಿದ್ದ ತಂಬಿಗೆ ತುಂಬಿ ಹರಿಯುತ್ತಿತ್ತು. "ನಿಮ್ಮವ್ವ ಖರೇನ ಅಳತಾಳೇನು?" ಎಂದು ಕೇಳಿದಳು.

"ಹೂಂ."

ಅದೊಂದೇ ಅಕ್ಷರದ ಸುಳ್ಳು. ಹಾಗೆ ಹೇಳಿದ್ದಕ್ಕೆ ನನಗೆ ಆಗ ಖುಷಿಯೇ ಆಗಿತ್ತು, ಇದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಶುಕ್ರವಾರ ಚಂದ್ರವ್ವ ಬರಲಿಲ್ಲ. ಶನಿವಾರ ಬೆಳಿಗ್ಗೆ ಜಡೆ ಹಾಕುತ್ತ ಅಪ್ಪ, "ಪಾರೂ, ಚಂದ್ರವ್ವ ಯಾಕ ಬಂದಿಲ್ಲ, ನಿನಗೇನರ ಗೊತ್ತೇನು?" ಎಂದ.

"ನನಗೇನ ಗೊತ್ತು?"

ಹೆಣೆಯುತ್ತಿದ್ದ ಬೆರಳುಗಳು ನಿಂತವು. ಮತ್ತೆ ನಡೆದವು. ಎರಡನೆಯ ಜಡೆ ಮುಗಿಯುವವರೆಗೆ ಅವನು ಮಗ್ಗಿಯನ್ನೂ ಕೇಳಲಿಲ್ಲ. ಅಂದು ಸಂಜೆ ಅವಳ ಮನೆಗೆ ಹೋಗಿ ಬಂದವನು ಅಂಗಿಯನ್ನೂ ತೆಗೆಯದೆ ಚಾಪೆಯ ಮೇಲೆ ಬಿದ್ದುಕೊಂಡ. "ಬರಂಗಿಲ್ಲಂತ. ಯಾಕಂದ್ರ ಹೇಳವಲ್ಲಳು," ಎಂದಷ್ಟೇ ಅವ್ವನಿಗೆ ಹೇಳಿದ.  ಆಗಲೂ ನಾನು ಬಾಯಿ ಬಿಡಲಿಲ್ಲ.

ರವಿವಾರ ಹದಿಮೂರನೆಯ ದಿನ. ಚಾಳಿನ ಹೆಂಗಸರು ಬಂದು ಕೂತಿದ್ದರು. ಆಯಿ ಸೀರೆಯ ಜೋಳಿಗೆ ಕಟ್ಟಿಸಿ, ಗುಗ್ಗರಿಗೆ ಒಗ್ಗರಣೆ ಹಾಕುತ್ತಿದ್ದಳು. ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಮಲ್ಲಪ್ಪ, ಮಾರುಕಟ್ಟೆಯ ಚೀಲ ಹೊರುವ ಹಾಗೆ ಬೆನ್ನಿನ ಮೇಲೆ ತೊಟ್ಟಿಲು ಹೊತ್ತು ನಿಂತಿದ್ದ. ಶಾಲೆಯ ಜವಾನನನ್ನು ಎಬ್ಬಿಸಿ, ಕೋಣೆ ತೆಗೆಸಿ ತಂದಿದ್ದನಂತೆ. ಹಿಂದೆ ಚಂದ್ರವ್ವ; ಒಂದು ಕಂಕುಳಲ್ಲಿ ಮುತ್ತು, ಇನ್ನೊಂದರಲ್ಲಿ ಬಟ್ಟೆಯ ಗಂಟು. ಹೊಸ್ತಿಲ ಹೊರಗೆ ತೊಟ್ಟಿಲು ಇಳಿಸಿದ ಮೇಲೆ ಅವಳು ಗಂಟು ಬಿಚ್ಚಿ, ಒಂದೊಂದೇ ಪುಸ್ತಕವನ್ನು ತೊಟ್ಟಿಲಿನೊಳಗೆ ಜೋಡಿಸಿದಳು. ಅದೇ ಮುಲ್ಕಿಯ ಪುಸ್ತಕಗಳು. ಎಲ್ಲಕ್ಕೂ ಹಳೆಯ ವರ್ತಮಾನಪತ್ರಿಕೆಯ ಹೊದಿಕೆ ಹಾಕಿದ್ದಳು.

"ಖಾಲಿ ತರಬಾರದಂತ, ನಮ್ಮವ್ವ ಹೇಳಿದಳ್ರಿ," ಎಂದಳು. "ಮನ್ಯಾಗ ಕಾಯಿ ಇರಲಿಲ್ಲ. ಇವು ನನಗಿನ್ನ ಬೇಕಾಗಂಗಿಲ್ರಿ."

 ಅಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದ. ಎಷ್ಟು ಒರೆಸಿದರೂ ಮತ್ತೆ ಹಾಕಿಕೊಳ್ಳಲಿಲ್ಲ. ಚಂದ್ರವ್ವ ನನ್ನ ಕಡೆ ಒಮ್ಮೆ ನೋಡಿದಳು. ಯಾರು ಏನು ಹೇಳಿದರೆಂದು ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಅಂದೇ ಬೈಸಿಕೊಂಡು ನಾನು ಹಗುರಾಗುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಎದ್ದವಳು ಅವ್ವ. ಬಾಣಂತಿ ಹೊಸ್ತಿಲ ತನಕ ಬರಬಾರದೆಂದು ಆಯಿ ಅಂದದ್ದನ್ನೂ ಕೇಳದೆ ಕಿವಿಗೆ ಕಟ್ಟಿದ್ದ ಅರಿವೆಯಲ್ಲೇ ಬಂದು ಬಾಗಿ, ತೊಟ್ಟಿಲಿನಿಂದ ಪುಸ್ತಕಗಳನ್ನು ಎತ್ತಿ, ಚಂದ್ರವ್ವನ ಎದೆಗೆ ಒತ್ತಿದಳು.

"ತಗೋ. ಇವತ್ತ ಇಲ್ಲಿ ನನ್ನ ಮಗಳು ಮಲಗಬೇಕು. ಇವು ನಿನ್ನ ಕೈಯಾಗಿರಬೇಕು."

"ಕೂಸಿನ್ನ ಹಿಡಿಯಾಕ..."

"ನಾಳಿಂದ ಮುಂಜೇಲೆ ನಿಮ್ಮಪ್ಪ ಅವನ್ನ ಇಲ್ಲಿ ಬಿಟ್ಟ ಹೋಗಲಿ. ಒಂದ ಕೂಸಿಗೆ ಕಾಸೂ ಬಿಸಿನೀರು ಎರಡ ಕೂಸಿಗೂ ಆಗತೈತಿ. ಹಗಲೆಲ್ಲಾ ನನ್ನ ಮಗಳು ನನ್ನ ಮಗ್ಗಲದಾಗ ಮಲಗತಾಳ, ತೊಟ್ಟಿಲದಾಗ ಅವ ಮಲಗಲಿ."

ಆಯಿ ತೊಟ್ಟಿಲು ಮನೆ ಬಿಡಬಾರದೆಂದು ಹೇಳಿದ್ದಳೇ ಹೊರತು, ಬೇರೆ ಕೂಸು ಬರಬಾರದೆಂದು ಹೇಳಿರಲಿಲ್ಲ. ಅವ್ವ ಆಮೇಲೆ ಮುತ್ತುವನ್ನೂ ಎತ್ತಿಕೊಂಡು ಒಳಗೆ ಹೋದಳು. ತಂಗಿಯನ್ನು ತೊಟ್ಟಿಲಿಗೆ ಹಾಕಿ ಗಿರಿಜಾ ಎಂದು ಹೆಸರಿಟ್ಟರು. ಜೋಗುಳ ಹೇಳಿದವರ ಸಾಲಿನಲ್ಲಿ ಚಂದ್ರವ್ವನೂ ನಿಂತಿದ್ದಳು, ಪುಸ್ತಕಗಳನ್ನು ಕೆಳಗಿಡದೆ.

ಅಪ್ಪನ ಔದಾರ್ಯವನ್ನು ಊರೆಲ್ಲ ಹೊಗಳುತ್ತಿತ್ತು. ಅದರ ಭಾರ ಹೊತ್ತವಳು ಅವ್ವ ಎಂಬುದು ಅಂದು ನನಗೆ ತಿಳಿಯಿತು. ಅಪ್ಪನಿಗೆ ಅದು ಮೊದಲೇ ಗೊತ್ತಿತ್ತು. ಅಂದು ಊಟದ ಹೊತ್ತಿಗೆ ಅವನು ಯಾರಿಗೂ ಬಿಡದೆ ತಾನೇ ಅವ್ವನಿಗೆ ಬಡಿಸಿದ.

ಪರೀಕ್ಷೆ ದಾದರಿನ ಒಂದು ಶಾಲೆಯಲ್ಲಿ, ಮೂರು ದಿನ. ಅಪ್ಪ ಏಳನೆಯವರನ್ನು ಕರೆದೊಯ್ಯಬೇಕಿದ್ದರಿಂದ ನಮಗೆಲ್ಲ ಸೂಟಿ. ಮೊದಲ ದಿನ ಬೆಳಿಗ್ಗೆ ಮಲ್ಲಪ್ಪ ಎಂದಿನಂತೆ ಮುತ್ತುವನ್ನು ತಂದ, ಪರೀಕ್ಷೆಗೆ ಹೊರಟ ಚಂದ್ರವ್ವನೂ ಜೊತೆಗಿದ್ದಳು. ಎಂಟು ತಿಂಗಳ ಗಟ್ಟಿ ಹುಡುಗ, ಅಕ್ಕನ ಮುಖ ಮರೆಯಾದೊಡನೆ ಕಿರುಚಲು ಶುರುಮಾಡಿದ. ಅಪ್ಪ ಅವನನ್ನು ತೊಟ್ಟಿಲಲ್ಲಿ ಮಲಗಿಸಿ, ಹಗ್ಗ ಹಿಡಿದು ನನ್ನ ಮುಂದೆ ನಿಂತ.  ನನ್ನ ಬಲಗೈ ಎತ್ತಿ, ಅಂಗೈಯಲ್ಲಿ ಹಗ್ಗ ಇಟ್ಟು, ನನ್ನ ಬೆರಳುಗಳನ್ನು ಮಡಚಿ ಹೋದ.

ಮೂರು ದಿನವೂ ತೂಗಿದೆ. ಹೊರಗೆ ಹುಡುಗಿಯರು ಕುಂಟಲಪಿ ಆಡುತ್ತ ನನ್ನನ್ನು ಕರೆಯುತ್ತಿದ್ದರು. ಗಿಳಿಯ ಚಿತ್ರ ಹತ್ತಿರ ಬರುವುದು, ದೂರ ಹೋಗುವುದು, ಹತ್ತಿರ ಬರುವುದು. ಹದಿನಾರರ ಮಗ್ಗಿ ಹೇಳಿದರೆ ಮುತ್ತು ನನ್ನ ದನಿಗೂ ಮಲಗುತ್ತಾನೆಂದು ಎರಡನೆಯ ದಿನ ಗೊತ್ತಾಯಿತು. ಅಂಗೈ ಕೆಂಪಾಗಿತ್ತು. ಆಯಿ ತುಪ್ಪ ಹಚ್ಚಲು ಬಂದರೆ ಬೇಡವೆಂದೆ.

ಚಂದ್ರವ್ವ ಪಾಸಾದಳು. ಮಲ್ಲಪ್ಪ ಕೊಟ್ಟ ಮಾತು ಉಳಿಸಿಕೊಂಡ. ಧಾರವಾಡಕ್ಕೆ ಹೋದವಳು ಟ್ರೇನಿಂಗು ಮುಗಿಸಿ ವಿಜಾಪುರದ ಕಡೆಯ ಒಂದು ಹಳ್ಳಿಯಲ್ಲಿ ಶಿಕ್ಷಕಿಯಾದಳು. ಪ್ರತಿ ದೀಪಾವಳಿಗೂ ಅಪ್ಪನಿಗೆ ಕಾಗದ ಬರುತ್ತಿತ್ತು. ಕೊನೆಯಲ್ಲಿ "ಪಾರ್ವತಿಗೆ ಕೇಳಿದೆನೆಂದು ಹೇಳಿರಿ" ಎಂದಿರುತ್ತಿತ್ತು. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಏನೆಂದು ಬರೆಯಲಿ?

ತೊಟ್ಟಿಲು ಆಮೇಲೆ ಎಷ್ಟೋ ಮನೆ ಸುತ್ತಿತು. ಕೇಳಿದವರಿಗೆಲ್ಲ ಅಪ್ಪ ಕೊಟ್ಟ. ಒಮ್ಮೆ ವಡಾಲದ ಒಂದು ಮನೆಗೆ ಹೋದದ್ದು ಮರಳಿ ಬರಲಿಲ್ಲ. ಆ ಸಂಸಾರ ಎಲ್ಲಿಗೋ ವರ್ಗವಾಗಿತ್ತು. ನನ್ನ ಮಗಳಿಗೆ ಹೆಸರಿಡುವಾಗ ಮನೆಯಲ್ಲಿ ತೊಟ್ಟಿಲಿರಲಿಲ್ಲ. ನಾನು ಅಪ್ಪನೊಂದಿಗೆ ಜಗಳಾಡಿದೆ. ಅವ್ವ ಸೀರೆಯ ಜೋಳಿಗೆ ಕಟ್ಟುತ್ತಿದ್ದಳು. ಈಗ ಅವ್ವನಿಲ್ಲ. ಬೈಕುಲ್ಲಾದ ಆ ಎರಡು ಕೋಣೆಗಳಲ್ಲಿ ಕನ್ನಡವೂ ಇಲ್ಲ. ನನ್ನ ಮೊಮ್ಮಗಳಿಗೆ ಈ ಕಥೆ ಹೇಳಿದರೆ ಎಲ್ಲ ತಿಳಿದುಕೊಂಡು, "ಅಜ್ಜಿ, ವಾಪಸ್ ಕ್ಯೋಂ ನಹೀ ಮಾಂಗಾ?" ಎಂದು ಕೇಳುತ್ತಾಳೆ. ನಮ್ಮಪ್ಪನಿಗೆ ವಾಪಸು ಕೇಳಲು ಬರುತ್ತಿರಲಿಲ್ಲ ಎಂದರೆ ಅವಳಿಗೆ ಅರ್ಥವಾಗುವುದಿಲ್ಲ.

ಅಪ್ಪನ ಕೊನೆಯ ವರ್ಷ ಅವನ ಬಲಗೈ ಏಳುತ್ತಿರಲಿಲ್ಲ. ಬೆಳಿಗ್ಗೆ ನಾನೇ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದೆ. ಈಗ ಅವನು ಮುಂದೆ, ನಾನು ಹಿಂದೆ. ಮುಖ ಕಾಣದಿದ್ದುದಕ್ಕೇ ಧೈರ್ಯ ಬಂತು.

"ಅಪ್ಪಾ, ಅವತ್ತ ಚಂದ್ರವ್ವಗ ಹೇಳಿದಾಕಿ ನಾನ. ಅವ್ವ ಅಳತಾಳಂತ ಸುಳ್ಳ ಹೇಳಿದ್ದೆ."

"ಗೊತ್ತಿತ್ತು," ಎಂದ. "ಜಡಿ ಹಾಕೂವಾಗ ನಿನ್ನ ಕುತಿಗಿ ಬಿಗದಿತ್ತು."

"ಮತ್ತ ಯಾಕ ಬೈಲಿಲ್ಲ?"

"ಹಗ್ಗಾ ಕೊಟ್ಟಿದ್ನಲ್ಲ."

ನನ್ನ ಕೈಯಲ್ಲಿದ್ದ ಬಾಚಣಿಗೆ ನಿಂತಿತು. ಅವನೇ ಮತ್ತೆ ಹೇಳಿದ, "ಮೂರೂ ದಿನಾ ಚಲೋ ತೂಗಿದಿ."

ಆ ಮಾತು ಸಿಗಲು ನನಗೆ ಅಷ್ಟು ವರ್ಷ ಬೇಕಾಯಿತು. ಅಪ್ಪ ಹೋದ ಮೇಲೆ ಈ ದೊಡ್ಡ ಊರಿನಲ್ಲಿ ನನ್ನ ತಪ್ಪು ಗೊತ್ತಿದ್ದೂ ನನ್ನ ಕೈಗೆ ಹಗ್ಗ ಕೊಡುವವರು ಯಾರೂ ಉಳಿದಿಲ್ಲ.